ತೊಂಬತ್ತು ದಿನದ ತೊಡಕು

14 ಅಕ್ಟೋಬರ್ 2010, ಗುರುವಾರ

ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟ ಇವತ್ತಿಗೆ ಮುಗಿಯಿತು. ಟಿ.ವಿ.ಯಲ್ಲಿ ಸಮಾರೋಪ ನೋಡುತ್ತ ಕೂತೆ. ಊರಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ದಸರಾ ದೀಪ ನೋಡಲು ಮೈಸೂರಿನ ಬಸ್ಸಿನಲ್ಲಿ ನೇತಾಡುತ್ತಿರುತ್ತಿದ್ದೆ. ಕೂಟಕ್ಕೆ ಬಂದವರನ್ನು ವಿಮಾನ ನಿಲ್ದಾಣದಿಂದ ನೇರ ಪೇಟೆಯೊಳಕ್ಕೆ ತರಬೇಕಿದ್ದ ಏರ್‌ಪೋರ್ಟ್ ಮೆಟ್ರೊ ಮಾತ್ರ ಬರಲೇ ಇಲ್ಲ. ಟರ್ಮಿನಲ್ 3 ಜುಲೈನಲ್ಲೇ ಸಿದ್ಧವಾಯಿತು. ರೈಲು ಇವತ್ತು, ನಾಳೆ ಅನ್ನುತ್ತಲೇ ಆಟ ಮುಗಿದುಹೋಯಿತು. ಮದುವೆ ಮುಗಿದ ಮೇಲೆ ಓಲಗದವರು ಬಂದ ಹಾಗೆ ಬರುತ್ತದೇನೋ.

ಈ ಮಾರ್ಗದ ಏರ್ಪಾಡೇ ಬೇರೆ. ದೆಹಲಿಯ ಬೇರೆ ಮಾರ್ಗಗಳನ್ನು ದೆಹಲಿ ಮೆಟ್ರೊ ನಿಗಮ, ಅಂದರೆ ಡಿಎಂಆರ್‌ಸಿ, ತಾನೇ ಕಟ್ಟಿ ತಾನೇ ಓಡಿಸುತ್ತಿದೆ. ಇದೊಂದಕ್ಕೆ 2008ರ ಆಗಸ್ಟ್‌ನಲ್ಲಿ ಖಾಸಗಿಯವರ ಜೊತೆ 30 ವರ್ಷದ ಕರಾರು ಮಾಡಿಕೊಂಡಿತು. ಸುರಂಗ, ಕಂಬ, ಕಂಬದ ಮೇಲಿನ ತೊಲೆ, ನಿಲ್ದಾಣದ ಕಟ್ಟಡ ಇವೆಲ್ಲ ಡಿಎಂಆರ್‌ಸಿಯ ಕೆಲಸ. ಹಳಿ, ಕರೆಂಟು, ಸಿಗ್ನಲ್ಲು, ರೈಲು, ಅದನ್ನು ಓಡಿಸುವ ಹೊಣೆ ರಿಲಯನ್ಸ್ ಇನ್‌ಫ್ರಾ ಮತ್ತು ಸ್ಪೇನಿನ ಸಿಎಎಫ್ ಸೇರಿ ಮಾಡಿಕೊಂಡ ಕಂಪನಿಯದು. ಒಟ್ಟು ಖರ್ಚು ಸುಮಾರು 5,700 ಕೋಟಿ ರೂಪಾಯಿ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಂಪನಿ ಹಾಕಿದ್ದು.

ನಮ್ಮ ಕಡೆ ವಾರಕ್ಕೆ ಹೊಲ ಮಾಡುವುದು ಹೀಗೆಯೇ. ನೆಲ ಒಬ್ಬನದು, ಎತ್ತು ಇನ್ನೊಬ್ಬನದು. ಬೆಳೆ ಬಂದರೆ ಸರಿ. ಬರದಿದ್ದರೆ ನೆಲ ಸರಿಯಿಲ್ಲ ಅಂತ ಎತ್ತಿನವನು, ಎತ್ತು ಸರಿಯಿಲ್ಲ ಅಂತ ನೆಲದವನು.

27 ಫೆಬ್ರುವರಿ 2011, ಭಾನುವಾರ

ಬುಧವಾರ, 23ಕ್ಕೆ, ಕೊನೆಗೂ ಶುರುವಾಯಿತು. ಇವತ್ತು ರಜೆ, ಮಗನನ್ನು ಕರೆದುಕೊಂಡು ಹೋದೆ. ನಮ್ಮ ದ್ವಾರಕಾ ಸೆಕ್ಟರ್ 21ರಿಂದ ಹೊಸದೆಹಲಿ ರೈಲ್ವೆ ಸ್ಟೇಷನ್‌ವರೆಗೆ 22.7 ಕಿ.ಮೀ. ಅದರಲ್ಲಿ 15.7 ಕಿ.ಮೀ. ನೆಲದಡಿ, ಉಳಿದ 7 ಕಿ.ಮೀ. ಕಂಬಗಳ ಮೇಲೆ. ನಿಲ್ದಾಣ ಆರೇ ಆರು. ಧೌಲಾ ಕುವಾ ಮತ್ತು ಏರೋಸಿಟಿ ಇನ್ನೂ ತೆರೆದಿಲ್ಲ, ರೈಲು ಅಲ್ಲಿ ನಿಲ್ಲದೇ ಹೋಯಿತು.

ಒಳಗೆ ಕಾಲಿಟ್ಟರೆ ಮೆಟ್ರೊ ಅನ್ನಿಸುವುದಿಲ್ಲ. ಸೀಟು ವಿಮಾನದ ಹಾಗೆ, ಪೆಟ್ಟಿಗೆ ಇಡಲು ಕಟ್ಟೆ, ಸದ್ದಿಲ್ಲ, ನೂಕುನುಗ್ಗಲಿಲ್ಲ. ಹೊಸದೆಹಲಿ ನಿಲ್ದಾಣದಲ್ಲೇ ಪೆಟ್ಟಿಗೆ ಒಪ್ಪಿಸಿ ಬೋರ್ಡಿಂಗ್ ಪಾಸ್ ತೆಗೆದುಕೊಳ್ಳುವ ಏರ್ಪಾಟೂ ಉಂಟು. ಪೆಟ್ಟಿಗೆ ಅದರಷ್ಟಕ್ಕೆ ವಿಮಾನ ಸೇರುತ್ತದಂತೆ. ಮಗ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದ. ಸುರಂಗ ಕಳೆದು ರೈಲು ಮೇಲೆ ಬಂದಾಗ ಕೆಳಗೆ ಗುರ್ಗಾಂವ್ ಹೆದ್ದಾರಿಯ ಕಾರುಗಳು ಹಿಂದೆ ಹಿಂದೆ ಸರಿದವು. “ಅಪ್ಪ, ನಾವು ಎಲ್ಲರನ್ನೂ ಓವರ್‌ಟೇಕ್ ಮಾಡ್ತಿದೀವಿ” ಅಂದ. ಹೌದು. ಆದರೆ ಟಿಕೆಟ್ಟಿನ ದರಕ್ಕೆ ದಿನಾ ಆಫೀಸಿಗೆ ಇದರಲ್ಲಿ ಹೋಗುವ ಯೋಗ್ಯತೆ ನನ್ನ ಸಂಬಳಕ್ಕಿಲ್ಲ. ಕನಾಟ್ ಪ್ಲೇಸ್‌ವರೆಗೆ ಮತ್ತೆ ಮಾಮೂಲಿ ಮೆಟ್ರೊದ ನೀಲಿ ಮಾರ್ಗವೇ ಗತಿ.

20 ನವೆಂಬರ್ 2011, ಭಾನುವಾರ

ಅವ್ವ ಬಂದು ಎಂಟು ದಿನ. ಮಂಡ್ಯದಿಂದ ದೇವನಹಳ್ಳಿಗೆ ಬಸ್ಸಿನಲ್ಲಿ ಹೋದ ಆಯಾಸ, ವಿಮಾನದಲ್ಲಿ ಬಂದ ಆಯಾಸಕ್ಕಿಂತ ಹೆಚ್ಚಾಯಿತಂತೆ. ಬೆಂಗಳೂರು ಊರೊಳಗಿನ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋಗಿ ಮೂರು ವರ್ಷವಾಯಿತು. ಅಲ್ಲಿಗೆ ರೈಲಿನ ಮಾತು ಮಾತ್ರ ಓಡುತ್ತಿದೆ.

ಇವತ್ತು ಅವ್ವನಿಗೆ ಏರ್‌ಪೋರ್ಟ್ ಮೆಟ್ರೊ ತೋರಿಸಿದೆ. ಕೂತವಳೇ ಬೋಗಿಯ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿ ತಲೆ ಎಣಿಸಿದಳು. ನಾವಿಬ್ಬರು ಸೇರಿ ಏಳು.

“ಇಷ್ಟು ದೊಡ್ಡ ಬಂಡೀಗೆ ಏಳು ಜನಾನೇನ್ಲಾ? ಇವರು ಬದುಕ್ಯಂಡಾರಾ?”

ಬೋಗಿ ಆರಿವೆ ಅವ್ವ, ಬೇರೆಯದರಲ್ಲಿ ಇರಬಹುದು ಅಂದೆ. ಶಿವಾಜಿ ಸ್ಟೇಡಿಯಂನಲ್ಲಿ ಇಳಿದಾಗ ಎಲ್ಲ ಬೋಗಿಯಿಂದಲೂ ಇಳಿದವರನ್ನು ಎಣಿಸುತ್ತ ನಿಂತಳು. ಏನೂ ಹೇಳಲಿಲ್ಲ, ಸೆರಗು ಸರಿಮಾಡಿಕೊಂಡಳು. ಸಂತೆಯಲ್ಲಿ ಐವತ್ತು ವರ್ಷ ತರಕಾರಿ ಮಾರಿದವಳ ಕಣ್ಣು. ಏರೋಸಿಟಿಯಲ್ಲಂತೂ ಆಗಸ್ಟ್‌ನಿಂದ ನಿಲ್ದಾಣ ತೆರೆದಿದೆ, ಹೋಟೆಲುಗಳು ಇನ್ನೂ ತೆರೆದಿಲ್ಲ. ಸಿಟಿಯಿಲ್ಲದ ಏರೋಸಿಟಿ.

8 ಜುಲೈ 2012, ಭಾನುವಾರ

ಏರ್‌ಪೋರ್ಟ್ ಮೆಟ್ರೊ ಇವತ್ತಿನಿಂದ ಬಂದ್. ತಾಂತ್ರಿಕ ದೋಷವಂತೆ. ಎಷ್ಟು ದಿನ ಅಂತ ಯಾರೂ ಹೇಳುತ್ತಿಲ್ಲ. ಶುರುವಾಗಿ ಒಂದೂವರೆ ವರ್ಷವೂ ಆಗಿಲ್ಲ.

15 ಜುಲೈ 2012, ಭಾನುವಾರ

ಹುಬ್ಬಳ್ಳಿಯಿಂದ ಭಾವ ಬಂದಿದ್ದಾರೆ. ರೈಲ್ವೆಯ ಸೇತುವೆ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವರು. ಪೇಪರಿನಲ್ಲಿ ಮೆಟ್ರೊ ದೋಷದ ಸುದ್ದಿಯಲ್ಲಿ ‘ಬೇರಿಂಗ್’ ಅಂತ ನೋಡಿದ ಕೂಡಲೇ ಊಟದ ಮೇಜು ಅವರ ಕಾರ್ಯಾಗಾರವಾಯಿತು.

ಎರಡು ಸ್ಟೀಲ್ ಲೋಟ ಬೋರಲು ಹಾಕಿದರು. “ಇವು ಕಂಬ.” ಮಗನ ಕಂಪಾಸ್ ಬಾಕ್ಸಿನಿಂದ ರಬ್ಬರ್ ತೆಗೆದು ಬ್ಲೇಡಿನಲ್ಲಿ ನಾಲ್ಕು ಚೂರು ಮಾಡಿ, ಒಂದೊಂದು ಲೋಟದ ಮೇಲೆ ಎರಡೆರಡು ಇಟ್ಟರು. “ಇವು ಬೇರಿಂಗು.” ಮೇಲೆ ಮಗನ ಸ್ಕೇಲು. “ಇದು ಗರ್ಡರು, ಅಂದ್ರೆ ತೊಲೆ. ತೊಲೇನ ನೇರ ಕಂಬದ ಮೇಲೆ ಕೂರಿಸೋ ಹಾಗಿಲ್ಲ ಕಣಯ್ಯ. ದೆಹಲಿ ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ರೈಲು ಬಂದು ಬ್ರೇಕ್ ಹಾಕಿದ್ರೆ ಮುಂದಕ್ಕೆ ಜಗ್ಗುತ್ತೆ. ಆ ಜಗ್ಗಾಟ ಎಲ್ಲ ತಾಳಿಕೊಳ್ಳೋದು ಈ ಚೂರು.”

ಆಮೇಲೆ ಸ್ಕೇಲಿನ ಮೇಲೆ ಒಂದು ಕಡಲೆಕಾಳು ಇಟ್ಟರು. ಅಲ್ಲಾಡದೆ ನಿಂತಿತು. ಒಂದು ಮೂಲೆಯ ರಬ್ಬರ್ ಚೂರನ್ನು ಉಗುರಲ್ಲಿ ಮೆಲ್ಲಗೆ ಎಳೆದರು. ಸ್ಕೇಲು ಬೀಳಲಿಲ್ಲ, ವಾಲಿದ್ದೂ ಕಣ್ಣಿಗೆ ಕಾಣಲಿಲ್ಲ. ಕಡಲೆಕಾಳು ಮಾತ್ರ ಉರುಳಿ ಸಾರಿನ ಪಾತ್ರೆಗೆ ಬಿತ್ತು.

“ನೋಡ್ದಾ? ತೊಲೆ ನಿಂತೈತೆ, ಕಂಬ ನಿಂತೈತೆ. ಆದ್ರೆ ಹಳಿ ವಾಲ್ತು. ನೂರರ ವೇಗದಾಗೆ ಬರೋ ರೈಲಿಗೆ ಇಷ್ಟು ಸಾಕು.”

“ಹಾಗಾದ್ರೆ ಅದನ್ನ ಕೆಡವಿ ಕಟ್ಬೇಕಾ ಭಾವ?”

“ಯಾಕೆ ಕೆಡವ್ತಾರೆ? ಜಾಕ್ ಕೊಟ್ಟು ತೊಲೆ ಎತ್ತಿ, ಬೇರಿಂಗ್ ತೆಗೆದು, ಕೂರೋ ಜಾಗ ಸರಿಮಾಡಿ, ಹೊಸದು ಕೂರಿಸ್ತಾರೆ. ಬಿರುಕಿದ್ರೆ ತುಂಬ್ತಾರೆ. ಆಗೋ ಕೆಲಸಾನೇ. ಟೈಮ್ ಬೇಕು.”

ಸಾರಿನ ಪಾತ್ರೆಯಿಂದ ಹೆಂಡತಿ ಕಡಲೆಕಾಳು ತೆಗೆದು ಭಾವನ ಎಲೆಗೇ ಹಾಕಿದಳು.

ರಾತ್ರಿ ಯೋಚಿಸಿದೆ: ತೊಲೆ ಡಿಎಂಆರ್‌ಸಿಯದು, ಹಳಿ ಕಂಪನಿಯದು. ಕೆಟ್ಟಿರುವುದು ಸರಿಯಾಗಿ ಅವೆರಡರ ನಡುವೆ. ವಾರದ ಹೊಲದ ಜಗಳ ಶುರುವಾಗುತ್ತದೆ.

10 ಅಕ್ಟೋಬರ್ 2012, ಬುಧವಾರ

ಶುರುವಾಯಿತು. ಜುಲೈ 9ಕ್ಕೆ ಕಂಪನಿ ನೋಟಿಸ್ ಕೊಟ್ಟು, 90 ದಿನದಲ್ಲಿ ದೋಷ ಸರಿಮಾಡಿ ಅಂದಿತ್ತು. ದಿನ ಕಳೆಯಿತು. ಮೊನ್ನೆ 8ನೇ ತಾರೀಕು ಕರಾರು ರದ್ದು ಅಂತ ಇನ್ನೊಂದು ನೋಟಿಸ್. ರಿಪೇರಿ ಮಾತ್ರ ನಡೆದೇ ಇದೆ.

27 ಜನವರಿ 2013, ಭಾನುವಾರ

ಮಂಗಳವಾರದಿಂದ ರೈಲು ಮತ್ತೆ ಓಡುತ್ತಿದೆ. ಮೆಟ್ರೊ ರೈಲ್ವೆ ಸುರಕ್ಷತಾ ಆಯುಕ್ತರು ನೋಡಿ ಒಪ್ಪಿಗೆ ಕೊಟ್ಟಿದ್ದಾರೆ, ಗಂಟೆಗೆ 50 ಕಿ.ಮೀ. ಮೀರಬಾರದು ಅನ್ನುವ ಕಟ್ಟಳೆಯ ಮೇಲೆ. ಮಗನಿಗೆ ಮತ್ತೆ ಹುಚ್ಚು, ಹೋಗಿಬಂದೆವು. ಕಂಬಗಳ ಮೇಲೆ ಬಂದಾಗ ಬಸುರಿ ಹೆಂಗಸು ಮೆಟ್ಟಿಲಿಳಿದ ಹಾಗೆ ನಡೆಯಿತು. ಈ ಸಲ ಹೆದ್ದಾರಿಯ ಕಾರುಗಳೇ ನಮ್ಮನ್ನು ಹಿಂದೆ ಹಾಕಿದವು. ಒಂದು ಆಟೋ ಕೂಡ. ಮಗ ಆಟೋ ವಿಷಯವನ್ನು ಅಮ್ಮನಿಗೆ ಹೇಳಬೇಡ ಅಂದ, ಅವನೇ ಓಡಿಸಿದ ಹಾಗೆ ಅವಮಾನ ಅವನಿಗೆ.

1 ಜುಲೈ 2013, ಸೋಮವಾರ

ನಿನ್ನೆ ರಾತ್ರಿಗೆ ಕಂಪನಿ ಕೈತೊಳೆದುಕೊಂಡಿತು. ಇವತ್ತಿನಿಂದ ಡಿಎಂಆರ್‌ಸಿಯೇ ಓಡಿಸುತ್ತದೆ. 30 ವರ್ಷದ ಕರಾರು, ರೈಲು ಶುರುವಾಗಿ ಎರಡೂವರೆ ವರ್ಷ ತುಂಬುವ ಮೊದಲೇ ಮುಗಿಯಿತು. ಬೆಳಗ್ಗೆ ಕುತೂಹಲಕ್ಕೆ ನಿಲ್ದಾಣದ ಕಡೆ ಹೋಗಿ ನೋಡಿದೆ. ರೈಲು ಬಂತು, ಹೋಯಿತು. ಯಜಮಾನ ಬದಲಾದದ್ದು ಯಾವ ಪ್ರಯಾಣಿಕನಿಗೂ ಗೊತ್ತಾದಂತಿರಲಿಲ್ಲ.

26 ಸೆಪ್ಟೆಂಬರ್ 2015, ಶನಿವಾರ

ಟಿಕೆಟ್ ದರ ಇಳಿಯಿತು. ಎಲ್ಲಿಂದ ಎಲ್ಲಿಗೆ ಹೋದರೂ 60 ರೂಪಾಯಿ ಮೀರುವುದಿಲ್ಲ. ಕಳೆದ ವರ್ಷವೂ ಒಮ್ಮೆ ಇಳಿಸಿದ್ದರು. ನೀಲಿ ಮಾರ್ಗದಲ್ಲಿ ಒಂಟಿ ಕಾಲಿನಲ್ಲಿ ನಿಂತು ಹೋಗುವ ಸಮಯದ ಅರ್ಧಕ್ಕೂ ಕಡಿಮೆಯಲ್ಲಿ ಕೂತು ಹೋಗಬಹುದು. ಸೋಮವಾರದಿಂದ ಇದೇ ಅಂತ ಇವಳಿಗೆ ಹೇಳಿಬಿಟ್ಟೆ. ಬೆಳಗ್ಗೆ ಅರ್ಧ ಗಂಟೆ ಹೆಚ್ಚು ನಿದ್ದೆಗೆ ಎಷ್ಟು ಬೇಕಾದರೂ ಕೊಡಬಹುದು.

ಇವತ್ತೇ ಬೋಗಿಯಲ್ಲಿ ಲ್ಯಾಪ್‌ಟಾಪ್ ಚೀಲದವರು, ಕಾಲೇಜು ಹುಡುಗಿಯರು, ಟಿಫನ್ ಡಬ್ಬಿಯವರು. ವಿಮಾನ ಹತ್ತುವವರಿಗೆಂದು ಮಾಡಿದ ಪೆಟ್ಟಿಗೆ ಕಟ್ಟೆಯ ಮೇಲೆ ಇಬ್ಬರು ಹುಡುಗರು ಕೂತು ಸಮೋಸಾ ತಿನ್ನುತ್ತಿದ್ದರು, ಗಾರ್ಡ್ ಬಂದು ಎಬ್ಬಿಸಿದ. ಅವ್ವನಿಗೆ ಫೋನ್ ಮಾಡಿ, ಈಗ ಜನ ತುಂಬಿದ್ದಾರೆ ಅಂದೆ. “ಅಂಗೆ ಬೆಲೆ ಇಳಿಸಿದ್ರೆ ಸೊಪ್ಪೂ ಮಾರಾಯ್ತದೆ” ಅಂದಳು.

13 ಮೇ 2017, ಶನಿವಾರ

ಡಿಎಂಆರ್‌ಸಿ ಮತ್ತು ಕಂಪನಿಯ ಜಗಳದ ಪಂಚಾಯ್ತಿ ತೀರ್ಪು ಬಂದಿದೆ. ಮೂವರು ಮಧ್ಯಸ್ಥಗಾರರು ಗುರುವಾರ ಹೇಳಿದ್ದು: ಕಂಪನಿ ಕರಾರು ಮುರಿದದ್ದು ಸರಿ, ಡಿಎಂಆರ್‌ಸಿ 2,782 ಕೋಟಿ ಮತ್ತು ಬಡ್ಡಿ ಕೊಡಬೇಕು. 90 ದಿನದೊಳಗೆ ದೋಷ ಸರಿಯಾಗಲಿಲ್ಲ ಅನ್ನುವುದೇ ತೀರ್ಪಿನ ಬುಡ. ಪೇಪರ್ ಮಡಚಿ ರೈಲಿನ ಕಿಟಕಿಯಿಂದ ನೋಡಿದೆ. ಅದೇ ತೊಲೆಗಳ ಮೇಲೆ ಹೋಗುತ್ತಿದ್ದೆವು.

ಅವ್ವ ಹೋಗಿ ಇವತ್ತಿಗೆ ನಾಲ್ಕು ತಿಂಗಳು.

16 ಜನವರಿ 2019, ಬುಧವಾರ

ನಿನ್ನೆ ಸಂಕ್ರಾಂತಿ. ಎಳ್ಳುಬೆಲ್ಲ ಹಂಚಿ ಬಂದು ಟಿ.ವಿ. ಹಾಕಿದರೆ, ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ಪಂಚಾಯ್ತಿ ತೀರ್ಪನ್ನು ತಳ್ಳಿಹಾಕಿದೆ. ಕಳೆದ ವರ್ಷ ಇದೇ ಹೈಕೋರ್ಟಿನ ಏಕಸದಸ್ಯ ಪೀಠ ಎತ್ತಿಹಿಡಿದಿತ್ತು.

10 ಸೆಪ್ಟೆಂಬರ್ 2021, ಶುಕ್ರವಾರ, ಗಣೇಶ ಚತುರ್ಥಿ

ಈ ಮೊಕದ್ದಮೆಗೂ ನಮ್ಮ ಹಬ್ಬಗಳಿಗೂ ಏನೋ ನಂಟಿದೆ. ನಿನ್ನೆ ಗೌರಿ ಹಬ್ಬದ ದಿನ ಸುಪ್ರೀಂ ಕೋರ್ಟ್ ತೀರ್ಪು: ಮಧ್ಯಸ್ಥಗಾರರು ಹೇಳಿದ್ದೇ ಸರಿ, ಹೈಕೋರ್ಟ್ ಅದರೊಳಗೆ ಕೈಹಾಕಬಾರದಿತ್ತು. ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ. ಇಬ್ಬರು ಒಪ್ಪಿ ಪಂಚಾಯ್ತಿಗೆ ಕೂತ ಮೇಲೆ ಕೋರ್ಟು ಪದೇಪದೇ ಸಾಕ್ಷಿ ತೂಗುತ್ತ ಕೂರಬಾರದು ಅನ್ನುವ ತತ್ವ. ತತ್ವ ತಪ್ಪಲ್ಲ. ಆದರೆ ಬಡ್ಡಿ ಸೇರಿ ಸಾವಿರಾರು ಕೋಟಿಯಾಗುತ್ತದೆ, ಅದು ಕೊನೆಗೆ ಬರುವುದು ದೆಹಲಿ ಮತ್ತು ಕೇಂದ್ರ ಸರ್ಕಾರಗಳ ಪಾಲಿರುವ ಸಂಸ್ಥೆಯ ಗಲ್ಲಾದಿಂದ.

ಕಳೆದ ವರ್ಷ ಕೊರೊನಾಕ್ಕೆ ಮಾರ್ಚ್‌ನಿಂದ ಸೆಪ್ಟೆಂಬರ್ 12ರವರೆಗೆ ಈ ರೈಲು ನಿಂತಿತ್ತು. ಅಷ್ಟೂ ತಿಂಗಳು ಬಡ್ಡಿ ನಿಂತಿರಲಿಲ್ಲ.

ಬೆಂಗಳೂರಿನಿಂದ ಮಗ ಫೋನ್ ಮಾಡಿದ್ದ, ಅವನಿಗೆ ಅಲ್ಲೇ ಕೆಲಸ. ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ 58.19 ಕಿ.ಮೀ. ಮೆಟ್ರೊಗೆ ಒಪ್ಪಿದೆಯಲ್ಲ, ಅದು ಬರುವಷ್ಟರಲ್ಲಿ ನಾನು ರಿಟೈರ್ ಆಗ್ತೀನಿ ಅಂದ. ಈ ವಯಸ್ಸಿಗೇ ಅವನ ಮಾತು ನೋಡು.

24 ಸೆಪ್ಟೆಂಬರ್ 2023, ಭಾನುವಾರ

ಹೋದ ಭಾನುವಾರ ಮಾರ್ಗವನ್ನು ಸೆಕ್ಟರ್ 21ರಿಂದ 2 ಕಿ.ಮೀ. ಮುಂದಕ್ಕೆ, ಯಶೋಭೂಮಿ ಸಮಾವೇಶ ಕೇಂದ್ರದವರೆಗೆ ಬೆಳೆಸಿದರು. ಪ್ರಧಾನಿ ಬಂದು ಉದ್ಘಾಟಿಸಿದರು. ಅದಕ್ಕಿಂತ ದೊಡ್ಡ ಸುದ್ದಿ ವೇಗದ್ದು. ವರ್ಷದ ಶುರುವಿನಲ್ಲಿ 90 ಇತ್ತು, ಮಾರ್ಚ್‌ನಲ್ಲಿ 100, ಆಮೇಲೆ 110, ಈಗ ಗಂಟೆಗೆ 120 ಕಿ.ಮೀ. ಹೊಸದೆಹಲಿಯಿಂದ ಟರ್ಮಿನಲ್ 3ಕ್ಕೆ ಹದಿನಾರು ನಿಮಿಷವೂ ಬೇಡ.

ಇದಕ್ಕಾಗಿ ಹಳಿಯನ್ನು ಹಿಡಿದುಕೊಳ್ಳುವ ಟೆನ್ಶನ್ ಕ್ಲ್ಯಾಂಪುಗಳನ್ನು, 2 ಲಕ್ಷಕ್ಕೂ ಹೆಚ್ಚು, ಬಿಚ್ಚಿ ಬೇರೆ ಗಟ್ಟಿ ಕ್ಲ್ಯಾಂಪು ಹಾಕಿದ್ದಾರೆ. ರೈಲು ನಿಂತ ಮೇಲೆ ಕೆಲಸ ಶುರು, ಬೆಳಗಿನ ರೈಲು ಬರುವಷ್ಟರಲ್ಲಿ ಮುಗಿಸಬೇಕು. ಭಾವನಿಗೆ ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಒಂದೊಂದನ್ನೂ ಬಗ್ಗಿ ನಿಂತು ಹಾಕ್ಬೇಕು ಕಣಯ್ಯ” ಅಂದರು. ಅವರ ಸೊಂಟ ನೋವು ನನಗೆ ಗೊತ್ತು.

10 ಏಪ್ರಿಲ್ 2024, ಬುಧವಾರ

ನಿನ್ನೆ ಯುಗಾದಿ, ಕ್ರೋಧಿ ಸಂವತ್ಸರ ಬಂತು. ಇವತ್ತು ಹೊಸತೊಡಕು. ಈ ದಿನ ಏನು ನಡೆದರೆ ವರ್ಷವೆಲ್ಲ ಅದೇ ಅನ್ನುತ್ತಿದ್ದಳು ಅವ್ವ, ಅದಕ್ಕೆ ಬೆಳಗ್ಗೆ ಯಾರ ಮೇಲೂ ರೇಗಬಾರದು. ಐಎನ್‌ಎ ಮಾರ್ಕೆಟ್ಟಿನಿಂದ ಮಾಂಸ ತಂದು ಕೊಟ್ಟೆ, ಇವಳು ಮುದ್ದೆಗೆ ಎಸರಿಟ್ಟಳು. ಆಗ ಬಂತು ಸುದ್ದಿ: ಸುಪ್ರೀಂ ಕೋರ್ಟ್ ತನ್ನದೇ 2021ರ ತೀರ್ಪನ್ನು ಕಿತ್ತುಹಾಕಿದೆ. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಬಿ.ಆರ್. ಗವಾಯಿ, ಸೂರ್ಯಕಾಂತ್ ಅವರ ಪೀಠ. ಬಡ್ಡಿ ಸೇರಿ ಸುಮಾರು 8 ಸಾವಿರ ಕೋಟಿಗೆ ಏರಿದ್ದ ಬಾಕಿ ಇಲ್ಲವಾಯಿತು. ಡಿಎಂಆರ್‌ಸಿ ಆಗಲೇ ಕಟ್ಟಿದ್ದ ಹಣವೂ ವಾಪಸು.

ಮರುಪರಿಶೀಲನೆಯೂ ಬಿದ್ದುಹೋದ ಮೇಲೆ ಉಳಿಯುವ ಕಡೆಯ ಬಾಗಿಲು, ಡಿಎಂಆರ್‌ಸಿ ಹಾಕಿದ್ದ ಈ ‘ಕ್ಯುರೇಟಿವ್’ ಅರ್ಜಿ. ಅದು ತೆರೆಯುವುದು ಅಪರೂಪದಲ್ಲಿ ಅಪರೂಪ. ಮಧ್ಯಾಹ್ನ ತೀರ್ಪಿನ ಪ್ರತಿ ತೆಗೆದು ಕೂತೆ. ಮೂವತ್ತೈದು ವರ್ಷ ಇಂಗ್ಲಿಷ್ ಕಾನೂನು ಕಾಗದಗಳನ್ನು ಕನ್ನಡಕ್ಕೆ ತಂದು ಹೊಟ್ಟೆ ಹೊರೆದವನು, ನಿವೃತ್ತಿಯಾದರೂ ಚಟ ಬಿಟ್ಟಿಲ್ಲ.

ಎಲ್ಲ ನಿಂತಿರುವುದು ಕರಾರಿನ ಒಂದು ವಾಕ್ಯದ ಮೇಲೆ. 90 ದಿನದೊಳಗೆ ದೋಷವನ್ನು ‘ಕ್ಯೂರ್’ ಮಾಡದಿದ್ದರೆ ಅಥವಾ ಕ್ಯೂರ್ ಮಾಡಲು ಪರಿಣಾಮ ಕಾಣುವಂಥ ಕ್ರಮ ಕೈಗೊಳ್ಳದಿದ್ದರೆ ಕಂಪನಿ ಕರಾರು ರದ್ದು ಮಾಡಬಹುದು. ಕ್ಯೂರ್ ಅಂದರೆ ವಾಸಿ ಮಾಡು. ನಾನು ಅನುವಾದಿಸಿದ್ದರೆ ‘ಸರಿಪಡಿಸು’ ಅಂತ ಬರೆದು ಮುಂದೆ ಹೋಗುತ್ತಿದ್ದೆ. ವಾಸಿ ಅಂತ ಇಟ್ಟು ನೋಡಿದರೆ ತೊಡಕು ಬಿಡುತ್ತದೆ: ಕಾಯಿಲೆ ವಾಸಿಯಾಗಲಿಲ್ಲ ಅನ್ನುವುದು ಒಂದು, ಮದ್ದೇ ಕೊಡಲಿಲ್ಲ ಅನ್ನುವುದು ಇನ್ನೊಂದು. ಮಧ್ಯಸ್ಥಗಾರರು ಮೊದಲನೆಯದನ್ನಷ್ಟೇ ನೋಡಿದರು. ಮದ್ದು ನಡೆಯುತ್ತಿತ್ತೋ ಇಲ್ಲವೋ ಅನ್ನುವುದನ್ನು ಬಿಟ್ಟೇಬಿಟ್ಟರು. 2013ರ ಜನವರಿಯಲ್ಲಿ ಸುರಕ್ಷತಾ ಆಯುಕ್ತರು ಕೊಟ್ಟ ಒಪ್ಪಿಗೆ ಪತ್ರ ಇಲ್ಲಿ ಪ್ರಸ್ತುತವೇ ಅಲ್ಲ ಅಂದರು. ವೈದ್ಯನೇ ಬಂದು ಎದ್ದು ಓಡಾಡಲಿ ಅಂದ ಚೀಟಿಯನ್ನು ಕಡೆಗಣಿಸಿದ ಹಾಗೆ. ಆ ಪತ್ರ ಮತ್ತು ಆಮೇಲೆ ಓಡಿದ ರೈಲು ಎರಡನ್ನೂ ಪಕ್ಕಕ್ಕಿಟ್ಟ ತೀರ್ಪು ನಿಲ್ಲುವುದಿಲ್ಲ, ಅದನ್ನು ಎತ್ತಿಹಿಡಿದದ್ದರಿಂದ ದೊಡ್ಡ ಅನ್ಯಾಯವಾಯಿತು ಅನ್ನುತ್ತದೆ ಇವತ್ತಿನ ತೀರ್ಪು.

ನನಗೆ ಒಂದು ಕಸಿವಿಸಿ ಉಳಿದಿದೆ. ಕೊನೆಯದು ಅಂದದ್ದನ್ನು ಮತ್ತೆ ತೆರೆದರೆ ನಾಳೆ ಯಾರು ಮಧ್ಯಸ್ಥಿಕೆ ನಂಬುತ್ತಾರೆ ಅಂತ ವಕೀಲರು ಟಿ.ವಿ.ಯಲ್ಲಿ ಕೇಳುತ್ತಿದ್ದಾರೆ. ಅದೂ ಸುಳ್ಳಲ್ಲ. ಆದರೂ ಅರ್ಧ ವಾಕ್ಯ ಓದಿ ಕೊಟ್ಟ ತೀರ್ಪನ್ನು ಪೂರ್ತಿ ವಾಕ್ಯ ಓದಿ ತಿದ್ದಿದ್ದಾರೆ. ಭಾಷಾಂತರಕಾರನಾಗಿ ನನ್ನ ಓಟು ಅದಕ್ಕೇ.

ಸಂಜೆ ಭಾವನಿಗೆ ಫೋನ್ ಮಾಡಿದೆ. ಎಪ್ಪತ್ತೆಂಟು ವರ್ಷ, ಕಿವಿ ಸ್ವಲ್ಪ ಮಂದ. ಎಂಟು ಸಾವಿರ ಕೋಟಿ ಅಂತ ಮೂರು ಸಲ ಕೂಗಿ ಹೇಳಬೇಕಾಯಿತು, ಪಕ್ಕದ ಮನೆಯವರು ಏನಂದುಕೊಂಡರೋ.

“ಅದಿರಲಿ, ಬೇರಿಂಗ್ ಏನಾಯ್ತು?”

“ಸರಿ ಇರ್ಬೇಕು ಭಾವ, ನೂರಿಪ್ಪತ್ತರಲ್ಲಿ ಓಡ್ತಿದೆ.”

“ಹಾಗಂದ್ಮೇಲೆ ಮುಗೀತಲ್ಲಯ್ಯ.”

ಮುಂದಿನ ತಿಂಗಳು ಅಕ್ಕನ ಜೊತೆ ಬರುತ್ತಾರಂತೆ. ಕಾರು ತರಬೇಡ, ರೈಲಿಗೇ ಬರ್ತೀವಿ ಅಂದರು. ಟರ್ಮಿನಲ್ 3ರಿಂದ ನಮ್ಮ ಸೆಕ್ಟರ್ 21ಕ್ಕೆ ಒಂದೇ ನಿಲ್ದಾಣ ಅಂದೆ. “ಆ ಕಡೆ ಬೇಡ. ಮೊದ್ಲು ಈ ಕಡೆ ಧೌಲಾ ಕುವಾವರೆಗೆ ಹೋಗಿ, ಆ ತೊಲೆ ಮೇಲೆ ಕೂತು ನೋಡಿ, ಆಮೇಲೆ ಮನೆಗೆ ಬರ್ತೀವಿ.” ಅಕ್ಕನ ಕಾಲು ನೋವು ಅಂತ ಜ್ಞಾಪಿಸಿದೆ. ಹದಿನೈದು ನಿಮಿಷದೊಳಗೆ ವಾಪಸು ರೈಲು ಸಿಗುತ್ತೋ ಇಲ್ಲವೋ ಅಷ್ಟು ಹೇಳು ಅಂದರು. ಸಿಗುತ್ತೆ ಅಂದೆ.